ಆಗುಂಬೆ ಇಳಿಯುವ ಮುನ್ನ

ಮೋಡವಿಲ್ಲದ ಸಂಜೆಗಳಲ್ಲಿ ಆಗುಂಬೆಯ ಸೂರ್ಯಾಸ್ತದ ಕಟ್ಟೆಯಿಂದ ದೂರದ ಅರಬ್ಬೀ ಸಮುದ್ರ ಕಾಣುತ್ತದೆ. ಸೂರ್ಯ ಮುಳುಗಿದ್ದೇ ತಡ, ಕಾರುಗಳು ಸೋಮೇಶ್ವರದ ಕಡೆಗೆ ಸಾಲಾಗಿ ಘಾಟಿ ಇಳಿಯತೊಡಗುತ್ತವೆ. ದಾರಿಯಲ್ಲಿ 14 ಹೇರ್‌ಪಿನ್ ತಿರುವುಗಳು. ಹಿಂದಿನ ಸೀಟಿನಲ್ಲಿ ಮಕ್ಕಳು ಅವನ್ನು ಎಣಿಸುತ್ತಿದ್ದರೆ ಮುಂದೆ ಅಪ್ಪನ ಕಾಲು ಬ್ರೇಕಿನ ಮೇಲೆಯೇ ಇರುತ್ತದೆ. ಅರ್ಧ ದಾರಿ ಕಳೆಯುವಷ್ಟರಲ್ಲಿ ಸುಟ್ಟ ವಾಸನೆ. ಯಾರೋ ಟೈರು ಸುಡುತ್ತಿದ್ದಾರೆಂದು ಕಿಟಕಿ ಮುಚ್ಚಿಕೊಳ್ಳುವವರೂ ಉಂಟು! ಸುಡುತ್ತಿರುವುದು ಅವರದೇ ಬ್ರೇಕು.

ಉಜ್ಜಿ ಉಜ್ಜಿ ಕಾದ ಬ್ರೇಕಿಗೆ ಹಿಡಿತ ಕಡಿಮೆ. ಅದಕ್ಕಿಂತ ಅಪಾಯದ್ದು ಬ್ರೇಕ್ ಆಯಿಲ್‌ನ ಸಂಗತಿ. ಅದು ಗಾಳಿಯಲ್ಲಿನ ತೇವವನ್ನು ಮೆಲ್ಲಗೆ ಹೀರಿಕೊಳ್ಳುತ್ತದೆ. ಬಹುಕಾಲ ಬದಲಾಯಿಸದ ಆಯಿಲ್ ಬೇಗನೆ ಕುದಿದು ಕೊಳವೆಯಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ಆಗ ಪೆಡಲ್ ತುಳಿದರೆ ಗುಳ್ಳೆಗಳಷ್ಟೇ ಕುಗ್ಗುತ್ತವೆ, ಚಕ್ರ ನಿಲ್ಲುವುದಿಲ್ಲ. ಪೆಡಲ್ ಮೆತ್ತಗಾಯಿತೆಂದರೆ ಅದು ಕೊನೆಯ ಎಚ್ಚರಿಕೆ. ಪ್ರವಾಸಕ್ಕೆ ತಿಂಡಿ ಕಟ್ಟಿಕೊಳ್ಳುವ ಮೊದಲೇ ಆಯಿಲ್, ಪ್ಯಾಡು, ಸ್ಟೆಪ್ನಿಯ ಗಾಳಿ ನೋಡಿಸಬೇಕು, ಟಾರ್ಚು ಜೊತೆಗಿರಬೇಕು.

ಏರುವ ಗೇರಿನಲ್ಲೇ ಇಳಿಯಬೇಕೆಂಬುದು ಘಾಟಿಯ ಚಾಲಕರ ಹಳೆಯ ಪಾಠ. ಎರಡನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯುತ್ತದೆ. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕುವುದು ಶುದ್ಧ ಮೂರ್ಖತನ.

ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಗೇರಿನಲ್ಲಿಟ್ಟು, ಚಕ್ರದ ಮುಂದೆ ಕಲ್ಲು ಕೊಟ್ಟು, ಬ್ರೇಕು ತಾನಾಗಿ ಆರುವವರೆಗೆ ಕಾಯಬೇಕು. ನೀರು ಸುರಿದರೆ ಕಾದ ಡಿಸ್ಕ್ ಬಿರುಕು ಬಿಟ್ಟೀತು. ಹೊರಡುವಾಗ ಆ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗುವವರಿದ್ದಾರೆ. ಕತ್ತಲಲ್ಲಿ ಹಿಂದೆ ಬರುವ ಸ್ಕೂಟರಿನವನಿಗೆ ಅದು ಕಾಣುವುದಿಲ್ಲ.