ಹೌಸ್‌ಫುಲ್ ಬೋರ್ಡಿನ ಮುಂದೆ ಒಂದು ರಾತ್ರಿ

ಎಳ್ಳ ಅಮಾವಾಸ್ಯೆಯ ಚರಗ ಚೆಲ್ಲಿ ಮುಗಿಯಿತೆಂದರೆ ಗದಗ ಸೀಮೆಯ ಹಳ್ಳಿಗಳಲ್ಲಿ ಒಂದೇ ಮಾತು. ‘ಈ ಸಲ ಬನಶಂಕರಿಗೆ ಯಾವ್ಯಾವ ಕಂಪನಿ ಬಂದಾವು?’ ಎರೆಹೊಲದಲ್ಲಿ ಹಿಂಗಾರಿ ಜೋಳ ತೆನೆ ತುಂಬಿಕೊಂಡು ನಿಂತಿರುತ್ತದೆ, ಕಡಲೆ ಕಾಯಿ ಕಟ್ಟಿರುತ್ತದೆ, ಸೀತನಿ ಸುಟ್ಟು ತಿನ್ನುವ ಕಾಲ. ರೈತನಿಗೆ ನಾಲ್ಕು ದಿನ ಉಸಿರಾಡಲು ಪುರುಸೊತ್ತು ಸಿಗುವುದೂ ಆಗಲೇ. ಆದರೆ ಮನೆಯಲ್ಲಿ ಓದುವ ಮಕ್ಕಳಿದ್ದರೆ ಆ ಪುರುಸೊತ್ತಿಗೆ ಒಂದು ಅಡ್ಡಗೋಡೆ: ಮಾರ್ಚ್ ತಿಂಗಳ ಪರೀಕ್ಷೆ.

ಗದಗ ತಾಲೂಕಿನ ಹಿರೇಹಂದಿಗೋಳದ ಒಂದು ಮನೆಯಲ್ಲಿ 2025ರ ಜನವರಿಯಲ್ಲಿ ನಡೆದದ್ದೂ ಇದೇ ಪಂಚಾಯಿತಿ. ಮಗಳು ಪಿಯುಸಿ ಎರಡನೆಯ ವರ್ಷ. ಮಗ ಎಂಟನೆಯ ಇಯತ್ತೆ. ತಾಯಿಗೆ ದೇವಿಯ ಹರಕೆ ತೀರಿಸಬೇಕು. ಎಂಬತ್ತರ ಹತ್ತಿರದ ಆಯಿಗೆ ಬೇರೆಯೇ ಆಸೆ. ‘ಸಾಯೂದರಾಗ ಇನ್ನೊಮ್ಮೆ ಬನಶಂಕರಿ ನಾಟಕ ನೋಡಬೇಕ್ರೆಪಾ’ ಎಂದು ಆಕೆ ದೀಪಾವಳಿಯಿಂದಲೇ ಹೇಳುತ್ತಿದ್ದರು. ತಂದೆ ಲೆಕ್ಕ ಹಾಕಿದರು. ಬನದ ಹುಣ್ಣಿಮೆಯ ತೇರು 13ನೆಯ ತಾರೀಖು ಸೋಮವಾರ. ಅಂದು ಜನವೋ ಜನ. ತೇರು ಮುಗಿದ ಮೇಲಿನ ಶನಿವಾರ ಹೊರಟರೆ ಭಾನುವಾರ ಮಗಳು ನಿದ್ದೆ ಮಾಡಿ ಸೋಮವಾರ ಕಾಲೇಜಿಗೆ ಹೋಗಬಹುದು. ಹೀಗೆ ಒಪ್ಪಂದವಾಯಿತು. ಮಗಳು ಭೌತಶಾಸ್ತ್ರದ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು. ಅದು ಅಲ್ಲಿ ತೆರೆಯುವುದಿಲ್ಲವೆಂದು ಅವಳಿಗೂ ಗೊತ್ತಿತ್ತು, ತಂದೆಗೂ ಗೊತ್ತಿತ್ತು.

ಚಕ್ಕಡಿಯಿಂದ ಬಸ್ಸಿಗೆ

ಆಯಿ ಚಿಕ್ಕವರಿದ್ದಾಗ ಇದು ಎರಡು ದಿನದ ದಾರಿ. ಚಕ್ಕಡಿ ಕಟ್ಟಿ, ರೊಟ್ಟಿ ಬುತ್ತಿ ಕಟ್ಟಿ, ಎತ್ತಿಗೆ ಮೇವು ಹೇರಿಕೊಂಡು ಹೊರಟರೆ ನಡುವೆ ಒಂದು ವಸ್ತಿ. ಈಗ ಗದಗಿಗೆ ಬಂದು ರೋಣದ ದಾರಿ ಹಿಡಿದರೆ ಬಾದಾಮಿಗೆ ಮೊದಲೇ ಬನಶಂಕರಿ ಸಿಗುತ್ತದೆ. ಬಾದಾಮಿಯಿಂದ ಇಲ್ಲಿಗೆ ಸುಮಾರು 5 ಕಿಲೋಮೀಟರು. ರೈಲಿನಲ್ಲಿ ಬರುವವರು ಗದಗಿನಿಂದ ಹೊಳೆಆಲೂರು ಮಾರ್ಗವಾಗಿ ಬಾದಾಮಿ ನಿಲ್ದಾಣದಲ್ಲಿ ಇಳಿಯಬೇಕು. ಜಾತ್ರೆಗೆ ವಿಶೇಷ ಬಸ್ಸುಗಳೂ ಓಡುತ್ತವೆ. 2023ರ ಜೂನ್‌ನಿಂದ ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟಿನ ಹಣವಿಲ್ಲವಾದ್ದರಿಂದ ಆಯಿ, ತಾಯಿ, ಮಗಳು ಆಧಾರ್ ಕಾರ್ಡು ತೋರಿಸಿ ಕುಳಿತರು. ತಂದೆ-ಮಗನಿಗೆ ಮಾತ್ರ ಖರ್ಚು. ‘ಉಳಿದ ರೊಕ್ಕ ನಾಟಕಕ್ಕ’ ಎಂದು ಆಯಿ ಬಸ್ಸಿನಲ್ಲೇ ತೀರ್ಪು ಕೊಟ್ಟರು.

ಬನಶಂಕರಿಯ ಗುಡಿ ಇರುವುದು ಚೋಳಚಗುಡ್ಡದ ಬಳಿ, ಮಲಪ್ರಭೆಯ ಬಯಲಿನಲ್ಲಿ. ದೇವಿ ಸಿಂಹವಾಹಿನಿ, ಎಂಟು ಕೈಗಳವಳು. ಬರಗಾಲದಲ್ಲಿ ಕಾಯಿಪಲ್ಯಗಳನ್ನು ಹುಟ್ಟಿಸಿ ಜನರನ್ನು ಸಾಕಿದ ಶಾಕಂಭರಿ ಇವಳೇ ಎಂಬ ನಂಬಿಕೆ. ಅದಕ್ಕೇ ಹುಣ್ಣಿಮೆಯ ಮುನ್ನ 108 ಬಗೆಯ ಪಲ್ಯಗಳ ನೈವೇದ್ಯ. ನೇಕಾರರ ಅನೇಕ ಮನೆತನಗಳಿಗೆ ಇವಳು ಕುಲದೇವತೆ. ಗುಡಿಯ ಮುಂದಿನ ಹರಿದ್ರಾತೀರ್ಥ ದೊಡ್ಡ ಚೌಕ ಹೊಂಡ. ಅಂಚಿಗೆ ಕಲ್ಲುಕಂಬಗಳ ಸಾಲುಮಂಟಪ. ತೇರಿನ ಹಗ್ಗ ಬರುವುದು ಗದಗ ಜಿಲ್ಲೆಯ ರೋಣ ತಾಲೂಕಿನ ಮಾಡಲಗೇರಿಯಿಂದ, ಎತ್ತು ಹೂಡಿದ ಹಳಿಬಂಡಿಯಲ್ಲಿ. ಹೀಗಾಗಿ ಗುಡಿ ಬಾಗಲಕೋಟೆ ಜಿಲ್ಲೆಯಲ್ಲಿದ್ದರೂ ಜಾತ್ರೆ ತಮ್ಮದೇ ಎಂದು ಗದಗಿನವರ ಹೆಮ್ಮೆ.

ದರ್ಶನ ಮುಗಿಸಿ ಹೊರಬಂದರೆ ಬುಟ್ಟಿ ಹೊತ್ತ ಅವ್ವಂದಿರು. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಗಡಿಗೆಯ ಗಟ್ಟಿ ಮೊಸರು. ಗಿಡದ ಕೆಳಗೆ ಕೂತು ಉಂಡರೆ ಯಾವ ಖಾನಾವಳಿಯ ಹಂಗೂ ಬೇಡ. ಅತ್ತ ಬಾಗಿಲು ಚೌಕಟ್ಟುಗಳ ಸಾಲು, ಇತ್ತ ಬಳೆ, ಬೆಂಡು-ಬತ್ತಾಸು, ತೊಟ್ಟಿಲು, ತಿರುಗುವ ಚಕ್ರ. ಹೊಸ ಮನೆ ಕಟ್ಟುವವರು ಬಾಗಿಲು ಕೊಳ್ಳಲೆಂದೇ ಈ ಜಾತ್ರೆಗೆ ಬರುವುದುಂಟು.

ಬೆಳಗಾಗುವವರೆಗೆ ಆಟ

ಹೊತ್ತು ಮುಳುಗಿದ ಮೇಲೆ ಜಾತ್ರೆಯ ಮುಖವೇ ಬದಲಾಗುತ್ತದೆ. ತಗಡಿನ ಗೋಡೆ, ಮೇಲೆ ತಾಡಪಾಲು, ಮುಂದೆ ಬಣ್ಣಬಣ್ಣದ ದೀಪ, ಆಳೆತ್ತರದ ಚಿತ್ರಗಳು. ಒಂದರ ಪಕ್ಕ ಒಂದು ನಾಟಕ ಕಂಪನಿ. ಒಬ್ಬರ ಮೈಕು ಇನ್ನೊಬ್ಬರ ಮೈಕನ್ನು ಮುಳುಗಿಸುವಂತೆ ‘ಬನ್ನಿ, ನೋಡಿ, ನಕ್ಕು ನಕ್ಕು ಸುಸ್ತಾಗಿ’ ಎಂಬ ಕೂಗು. ಉಳಿದ ಊರುಗಳಲ್ಲಿ ದಿನಕ್ಕೆ ಒಂದೋ ಎರಡೋ ಆಟ ಆಡುವ ಕಂಪನಿಗಳು ಇಲ್ಲಿ ಜಾತ್ರೆಯ ರಾತ್ರಿಗಳಲ್ಲಿ ಮೂರು, ಕೆಲವೊಮ್ಮೆ ನಾಲ್ಕು ಆಟ ಆಡುತ್ತವೆ. ದೂರದ ಊರಿನಿಂದ ಬಂದವರಿಗೆ ರಾತ್ರಿ ತಂಗಲು ಜಾಗವಿರುವುದಿಲ್ಲ. ನಾಟಕದ ಟೆಂಟೇ ಅವರ ಛತ್ರ. ಪ್ರೇಕ್ಷಕನಿಗೆ ನೆರಳಾಯಿತು, ಕಂಪನಿಗೆ ಕಲೆಕ್ಷನ್ ಆಯಿತು. ಬೆಳತನಕದ ಆಟದ ಗುಟ್ಟು ಇದೇ.

ಈ ನಾಡಿಗೆ ನಾಟಕದ ಹುಚ್ಚು ಹೊಸದಲ್ಲ. 19ನೆಯ ಶತಮಾನದ ಎಪ್ಪತ್ತರ ದಶಕದಲ್ಲಿ, ಮರಾಠಿ ಕಂಪನಿಗಳೇ ಮೆರೆಯುತ್ತಿದ್ದ ಕಾಲಕ್ಕೆ, ಶಾಂತಕವಿ ಎಂದು ಹೆಸರಾದ ಸಕ್ಕರಿ ಬಾಳಾಚಾರ್ಯರು ಗದಗಿನಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿ ಕನ್ನಡದಲ್ಲಿ ಆಡಿಸಿದರು. ಮುಂದೆ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಗದಗಿನ ಹೆಸರನ್ನು ನಾಡಿಗೆಲ್ಲ ಒಯ್ದಿತು. ನೂರು ವರ್ಷ ದಾಟಿ ಬಾಳಿದ ಏಣಗಿ ಬಾಳಪ್ಪನವರು (1914-2017), ದಾವಣಗೆರೆಯ ಚಿಂದೋಡಿ ಲೀಲಾ, ಸೂಳೇಭಾವಿಯ ನಾಟಕಕಾರ ಪಿ.ಬಿ. ಧುತ್ತರಗಿ ಇವರೆಲ್ಲ ಟಿಕೇಟು ಕೊಂಡು ಬಂದ ಜನರನ್ನೇ ನಂಬಿ ಬದುಕಿದವರು. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ನಾಟಕವೇ 1974ರಲ್ಲಿ ರಾಜಕುಮಾರ್ ಅಭಿನಯದ ಚಿತ್ರವಾಯಿತು.

ಆಯಿಯ ನೆನಪಿನಲ್ಲಿರುವುದು ಮಾತ್ರ ಇನ್ನೊಂದು ಕಂಪನಿ. ಗದಗಿನ ವೀರೇಶ್ವರ ಪುಣ್ಯಾಶ್ರಮದ್ದು. ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಲ್ಲಿ ಬೆಳೆದ ಅಂಧ ಗಾಯಕ ಪಂಚಾಕ್ಷರ ಗವಾಯಿಗಳು (1892-1944) ಅಂಧ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ಕೊಡಲು ಆಶ್ರಮ ಕಟ್ಟಿದರು. ಅಷ್ಟು ಹೊಟ್ಟೆ ತುಂಬಿಸುವುದು ಹೇಗೆ? ನಾಟಕ ಕಂಪನಿ ಒಂದು ದಾರಿಯಾಯಿತು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914-2010) ಅದನ್ನು ಮುಂದುವರಿಸಿದರು. ತಾವೇ ಭಕ್ತಿ ನಾಟಕಗಳನ್ನು ಬರೆದರು. ‘ಆ ಟಿಕೇಟಿನ ರೊಕ್ಕ ಕಣ್ಣಿಲ್ಲದ ಹುಡುಗರ ರೊಟ್ಟಿಗೆ ಹೋಗತಿತ್ತು. ಟಿಕೇಟ್ ತಗಿಸಿದರ ದಾನ ಮಾಡಿಧಂಗ ಅಂತಿದ್ದ ನಮ್ಮಪ್ಪ’ ಎನ್ನುತ್ತಾರೆ ಆಯಿ.

ಐದು ಜನ, ನಾಲ್ಕು ಟಿಕೇಟು

ಒಂಬತ್ತೂವರೆಯ ಆಟಕ್ಕೆ ಅರ್ಧ ತಾಸು ಮೊದಲು ಹೋದರೆ ಮುಂದೆ ಹೌಸ್‌ಫುಲ್ ಬೋರ್ಡು. ಪಕ್ಕದ ಟೆಂಟಿನಲ್ಲಿ ಕುರ್ಚಿ ಖಾಲಿ ಇದ್ದವು. ಆದರೆ ಅದರ ಬೋರ್ಡಿನ ಮೇಲಿನ ಹೆಸರು ಓದಿ ತಾಯಿ ಮುಖ ತಿರುಗಿಸಿದರು. ವೃತ್ತಿ ನಾಟಕಗಳ ಮೇಲೆ ಇರುವ ದೊಡ್ಡ ದೂರು ಇದೇ. ನಗಿಸುವ ನೆಪದಲ್ಲಿ ಎರಡರ್ಥದ ಮಾತು. ದೊಡ್ಡವರು ನಕ್ಕು ಮರೆಯುತ್ತಾರೆ, ಪಕ್ಕದಲ್ಲಿ ಮಗಳನ್ನು ಕೂಡಿಸಿಕೊಂಡ ತಂದೆ ನೆಲ ನೋಡುತ್ತಾನೆ. ‘ಜನ ಕೇಳತಾರ, ಅದಕ್ಕ ಹಾಕ್ತೀವಿ’ ಎಂದು ಕಂಪನಿಯವರು. ‘ಹಾಕ್ತಾರ, ಅದಕ್ಕ ಮನಿ ಮಂದಿ ಬರೂದಿಲ್ಲ’ ಎಂದು ಜನರು. ಜಗಳ ಹಳೆಯದು. ಮನೆ ಮಂದಿಯೆಲ್ಲ ಕೂತು ನೋಡುವ ಆಟಕ್ಕೂ ಹೌಸ್‌ಫುಲ್ ಬೋರ್ಡು ಬೀಳುತ್ತದೆ ಎಂಬುದಕ್ಕೆ ಮಾತ್ರ ಅಂದಿನ ರಾತ್ರಿಯೇ ಸಾಕ್ಷಿ.

ಹನ್ನೆರಡೂವರೆಯ ಆಟಕ್ಕೆ ಬುಕಿಂಗ್ ತೆರೆಯುತ್ತಲೇ ತಂದೆ ಸಾಲಿನಲ್ಲಿ ನಿಂತರು. ಕಿಂಡಿಯೊಳಗೆ ಕೈ ಹೋಗುವಷ್ಟೇ ಜಾಗ.

‘ಕುರ್ಚಿ ಐದು ಕೊಡ್ರಿ.’

‘ಕುರ್ಚಿ ಮುಗದಾವ್ರಿ ಯಜಮಾನ್ರ. ನೆಲದ್ದು ನಾಕ ಅದಾವು.’

ಹಿಂದೆ ಒಬ್ಬ ಹುಡುಗ ಮೆಲ್ಲಗೆ ಬಂದು ಹೆಚ್ಚಿನ ರೇಟಿಗೆ ಟಿಕೇಟು ಕೊಡುವುದಾಗಿ ಹೇಳಿದ. ತಂದೆ ತಲೆ ಅಲ್ಲಾಡಿಸಿದರು. ಆ ಹೆಚ್ಚಿನ ಹಣ ಬಣ್ಣ ಹಚ್ಚಿದವರಿಗೆ ಮುಟ್ಟುವುದಿಲ್ಲ. ನಾಲ್ಕು ಟಿಕೇಟು ತೆಗೆದುಕೊಂಡು ಬಂದರು.

‘ಅಪ್ಪಾ, ನೀ ಹೋಗು. ನಾ ಹೊರಗ ಕುಂತು ಓದತೇನಿ’ ಎಂದಳು ಮಗಳು.

‘ಹೋಗವ್ವಾ, ಆಯಿ ಕೈ ಹಿಡದು ಕುಂಡ್ರಸು. ನಂದೇನು, ನಾ ಬೇಕಾದಷ್ಟು ನೋಡೇನಿ.’

ಅಮೆರಿಕದ ಫ್ಲೋರಿಡಾದಲ್ಲಿರುವ ಡಿಸ್ನಿ ಉದ್ಯಾನದಲ್ಲಿ ಹ್ಯಾಲೋವೀನ್ ಎಂಬ ಭೂತ-ಪ್ರೇತಗಳ ವೇಷದ ಹಬ್ಬಕ್ಕೆ ವಿಶೇಷ ರಾತ್ರಿಗಳಿರುತ್ತವೆ. ಅದಕ್ಕೆ ಬೇರೆಯೇ ಟಿಕೇಟು. ಬೇಡಿಕೆಯ ರಾತ್ರಿಗಳ ಟಿಕೇಟು ಮೊದಲೇ ಮುಗಿದುಹೋಗುತ್ತವೆ. ಮಕ್ಕಳಿಗೆ ಮಾತು ಕೊಟ್ಟ ತಂದೆ-ತಾಯಿ ಅಲ್ಲಿಯೂ ಪರದಾಡುತ್ತಾರೆ. ಕಂಪ್ಯೂಟರಿನ ಮುಂದಾದರೇನು, ತಗಡಿನ ಕಿಂಡಿಯ ಮುಂದಾದರೇನು, ಒಂದು ಟಿಕೇಟು ಕಡಿಮೆ ಬಿದ್ದರೆ ಹೊರಗುಳಿಯುವವರು ಯಾರೆಂಬುದು ಎಲ್ಲ ದೇಶದಲ್ಲೂ ಮೊದಲೇ ನಿಶ್ಚಯವಾಗಿರುತ್ತದೆ.

ತಗಡಿನ ಹೊರಗೆ

ಹೊರಗೆ ಚಹಾದ ಅಂಗಡಿಯ ಬೆಂಚಿನ ಮೇಲೆ ಇಂಥ ತಂದೆಯರು ಇನ್ನೂ ಕೆಲವರಿದ್ದರು. ನಾಂದಿ ಶುರುವಾಯಿತು. ಹಾರ್ಮೋನಿಯಂ ಇದ್ದ ಜಾಗದಲ್ಲಿ ಈಗ ಕೀಬೋರ್ಡು. ತಬಲಾದ ಜೊತೆಗೆ ಪ್ಯಾಡು. ತಗಡು ಕಣ್ಣಿಗಷ್ಟೇ ಅಡ್ಡಿ, ಕಿವಿಗಲ್ಲ. ಓದಿ ದೊಡ್ಡವನಾದ ಮಗ ಹಡೆದವ್ವನನ್ನು ಗುರುತಿಲ್ಲವೆನ್ನುವ ಪ್ರಸಂಗ. ಒಳಗೆ ಹೆಂಗಸರು ಮೂಗು ಒರೆಸಿಕೊಳ್ಳುವ ಸಪ್ಪಳವೂ ಹೊರಗೆ ಕೇಳುತ್ತಿತ್ತು.

ಎರಡನೆಯ ಅಂಕದ ಹೊತ್ತಿಗೆ ಮುಖದ ಬಣ್ಣ ಹಾಗೆಯೇ ಇದ್ದ ಒಬ್ಬ ಹಿರಿಯ ನಟ ಹಿಂಬಾಗಿಲಿನಿಂದ ಬಂದು ಬಿಸಿನೀರು ಕೇಳಿ ಕುಡಿದರು. ನಾಟಕದಲ್ಲಿ ಅವರ ಪಾತ್ರ ಅದೇ ಆಗ ಸತ್ತಿತ್ತು. ಮೂರನೆಯ ಆಟಕ್ಕೆ ಮತ್ತೆ ಬದುಕಬೇಕು. ಗಂಟಲು ಕಟ್ಟಿತ್ತು.

‘ಕುಂಡ್ರಿ ಯಜಮಾನ್ರ. ಒಳಗ ಯಾಕ ಹೋಗಿಲ್ಲ?’

‘ಟಿಕೇಟ್ ನಾಕ ಸಿಕ್ಕುವ್ರಿ. ಮಗಳದು ಪಿಯುಸಿ, ಮಾರ್ಚಿನ್ಯಾಗ ಪರೀಕ್ಷಾ. ಒಂದ ರಾತ್ರಿ ನೋಡ್ಲಿ ಅಂತ ಕರಕೊಂಡ ಬಂದೆ.’

ನಟ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, ‘ನನ್ನ ಮಗಳದೂ ಅದ ಪರೀಕ್ಷಾನ್ರಿ. ಹಾಸ್ಟೆಲಿನ್ಯಾಗ ಅದಾಳ. ನನ್ನ ನಾಟಕ ಆಕಿ ನೋಡಿ ಮೂರು ವರ್ಷ ಆತು. ಕ್ಯಾಂಪಿನಿಂದ ಕ್ಯಾಂಪಿಗೆ ಹೋದರ ಸಾಲಿ ಕೆಡತೇತಿ ಅಂತ ಬಿಟ್ಟೇವಿ. ಬನಶಂಕರಿ ತಿಂಗಳ ಚಲೋ ಆದರ ಫೀಸಿನ ಚಿಂತಿ ಇಲ್ಲ.’

ಕಂಪನಿ ನಾಟಕದ ಲೆಕ್ಕಪತ್ರ ಈ ಒಂದು ಮಾತಿನಲ್ಲಿದೆ. ಜಾಗದ ಬಾಡಿಗೆ, ಕರೆಂಟು, ಟೆಂಟಿನ ಸಾಗಾಟ, ಕಲಾವಿದರ ಪಗಾರ, ಎಲ್ಲರ ಊಟ. ಮಳೆಗಾಲದಲ್ಲಿ ಕಲೆಕ್ಷನ್ ಇಲ್ಲದಿದ್ದರೂ ಖರ್ಚು ನಿಲ್ಲುವುದಿಲ್ಲ. ಆ ಸಾಲ ತೀರುವುದು ಬನಶಂಕರಿಯಂಥ ಜಾತ್ರೆಗಳಲ್ಲಿ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಎಲ್ಲ ಟೆಂಟುಗಳೂ ಮುಚ್ಚಿದಾಗ ಜಾತ್ರೆಯ ಹಂಗಾಮನ್ನೇ ನಂಬಿದ ಕಲಾವಿದರಿಗೆ ಬಣ್ಣದ ಪೆಟ್ಟಿಗೆ ಮುಚ್ಚಿಟ್ಟು ಬೇರೆ ಕೆಲಸ ಹುಡುಕುವುದು ಅನಿವಾರ್ಯವಾಯಿತು. ಟೆಂಟುಗಳು ಮತ್ತೆ ಎದ್ದು ನಿಂತದ್ದು ಕಿಂಡಿಯ ಮುಂದೆ ನಿಂತ ಇಂಥ ಸಾಲುಗಳಿಂದಲೇ.

ನಟ ಎದ್ದು ಹೋಗುವಾಗ ಗೇಟಿನವನನ್ನು ಕರೆದು ಏನೋ ಹೇಳಿದರು. ಕಡೆಯ ಅಂಕಕ್ಕೆ ಗೇಟಿನವ ತಂದೆಯನ್ನು ಕೂಗಿದ. ಅವರು ಟಿಕೇಟಿನ ಹಣ ತೆಗೆದರೆ ಅವನು ಒಲ್ಲೆನೆಂದ. ಅವರೂ ಒಲ್ಲೆನೆಂದರು. ಕೊನೆಗೆ ಹಣ ಕಿಂಡಿಯೊಳಗೆ ಹೋಯಿತು, ತಂದೆ ಟೆಂಟಿನೊಳಗೆ ಹೋಗಿ ಹಿಂದೆ ನಿಂತರು.

ಹೋಗುವವರಿಗೆ ನಾಲ್ಕು ಮಾತು

ಜಾತ್ರೆ ತೇರಿನ ಒಂದು ದಿನದ್ದಲ್ಲ, ತಿಂಗಳವರೆಗೂ ನಡೆಯುತ್ತದೆ. ನಾಟಕಕ್ಕಾಗಿಯೇ ಹೋಗುವವರು ತೇರಿನ ರಾತ್ರಿಯನ್ನೂ ಶನಿವಾರ-ಭಾನುವಾರವನ್ನೂ ಬಿಟ್ಟು ವಾರದ ನಡುವೆ ಹೋದರೆ ಟಿಕೇಟು ಸಲೀಸು. ಮೊದಲ ಆಟ ಶುರುವಾಗುವಾಗಲೇ ಎರಡನೆಯ ಆಟದ ಬುಕಿಂಗ್ ಯಾವಾಗ ಎಂದು ಕೇಳಿಟ್ಟುಕೊಳ್ಳಬೇಕು. ಮಕ್ಕಳಿದ್ದರೆ ನೋಡಿ ಹೊರಬರುತ್ತಿರುವ ಹೆಂಗಸರನ್ನು ‘ಹೆಂಗೈತ್ರಿ ನಾಟಕ?’ ಎಂದು ಕೇಳಿದರೆ ಸಾಕು, ಯಾವ ಜಾಹೀರಾತೂ ಹೇಳದ ಸತ್ಯ ತಿಳಿಯುತ್ತದೆ. ಜನವರಿಯ ಚಳಿಗೆ ಕಂಬಳಿ ಇರಲಿ. ಒಂದು ದಿನ ಹೆಚ್ಚಿದ್ದರೆ ಬಾದಾಮಿಯ ಗುಹೆಗಳು ಪಕ್ಕದಲ್ಲೇ ಇವೆ. ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಪಟ್ಟದಕಲ್ಲೂ, ಕುಮಾರಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗಮಂದಿರವೂ ದೂರವಿಲ್ಲ. ಇತಿಹಾಸದ ಪಾಠ ಓದುವ ಮಕ್ಕಳಿಗೆ ಇದಕ್ಕಿಂತ ದೊಡ್ಡ ಪುಸ್ತಕ ಬೇಕಿಲ್ಲ.

ಬೆಳಗಿನ ಬಸ್ಸಿನಲ್ಲಿ ಐವರೂ ಒತ್ತೊತ್ತಾಗಿ ಕುಳಿತರು. ಮಗ ಆಗಲೇ ನಿದ್ದೆ ಹೋಗಿದ್ದ. ಅಪ್ಪ ಮೊದಲಿನ ಭಾಗ ತಪ್ಪಿಸಿಕೊಂಡರಲ್ಲ ಎಂದು ಮಗಳು ಕಥೆ ಹೇಳಲು ಶುರುಮಾಡಿದಳು. ತಗಡಿನ ಹೊರಗೆ ಪ್ರತಿಯೊಂದು ಮಾತನ್ನೂ ಕೇಳಿದ್ದ ತಂದೆ, ಏನೂ ಗೊತ್ತಿಲ್ಲದವರಂತೆ, ‘ಆಮ್ಯಾಲೇನಾತು?’ ಎನ್ನುತ್ತ ರೋಣದವರೆಗೂ ಹೂಂಗುಟ್ಟಿದರು.