ಪುಟ್ಟ ಜೆಟ್ಟಿಗೆ ಯಾವ ವರ್ಷದ ಬಣ್ಣ?

ಕಲಬುರಗಿಯಿಂದ ಹುಮನಾಬಾದ್ ಹಾದಿ ಹಿಡಿದರೆ ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಸಿಗುತ್ತದೆ. ಅದನ್ನು ದಾಟಿ ಸಾಗಿದರೆ ಬೀದರ್. 1996ರಲ್ಲಿ ವಾಯುಪಡೆಯ ಸೂರ್ಯಕಿರಣ ತಂಡ ಹುಟ್ಟಿದ ಊರು.

ಈ ತಂಡದ ವಿಮಾನದ ಮಾದರಿ ಮಾಡಹೊರಟ ವಿದ್ಯಾರ್ಥಿ ಮೊದಲು ವರ್ಷ ಗೊತ್ತುಮಾಡಿಕೊಳ್ಳಬೇಕು. 2011ರವರೆಗೆ ತಂಡ ಹಾರಿಸಿದ್ದು ಬೆಂಗಳೂರಿನ ಎಚ್‌ಎಎಲ್ ನಿರ್ಮಿಸಿದ ಕಿರಣ್. 2015ರಲ್ಲಿ ಅದು ಮರಳಿದ್ದು ಹಾಕ್ ವಿಮಾನಗಳೊಂದಿಗೆ. ಎರಡರದೂ ಕೆಂಪು-ಬಿಳಿ ಬಣ್ಣವೇ. ಪಟ್ಟೆಗಳ ವಿನ್ಯಾಸ ಮಾತ್ರ ಬೇರೆ. ವೃತ್ತಲಾಂಛನದಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. 1:72 ಅಳತೆಯಲ್ಲಿ 72 ಸೆಂ.ಮೀ. ಎಂದರೆ 1 ಸೆಂ.ಮೀ.

ವಾಯುನೆಲೆಯ ಬೇಲಿಯ ಬಳಿ ಚಿತ್ರ ತೆಗೆಯುವುದು ನಿಷಿದ್ಧ. ವೈಮಾನಿಕ ಪ್ರದರ್ಶನಗಳ ದಿನಾಂಕವಿರುವ ಚಿತ್ರಗಳೇ ಆಧಾರ. ಒಂದೇ ವಿಮಾನದ ಎಡ, ಬಲ, ಬಾಲ ಮೂರನ್ನೂ ನೋಡಿ, ಸಂಖ್ಯೆ ತಾಳೆಯಾದ ಮೇಲಷ್ಟೇ ಕುಂಚ ಹಿಡಿಯಬೇಕು.