ಹಳಿಗಳ ಮೇಲೊಂದು ವಿಹಾರನೌಕೆ

ಸಮುದ್ರದ ವಿಹಾರನೌಕೆಗಳು ಪ್ರಯಾಣಿಕರನ್ನು ಇರುಳಿನಲ್ಲಿ ಮಲಗಿಸಿಕೊಂಡು ಸಾಗಿ, ಬೆಳಗಾದೊಡನೆ ಹೊಸದೊಂದು ರೇವಿನಲ್ಲಿ ಇಳಿಸುವುವಷ್ಟೆ. ಬೆಂಗಳೂರಿಗೆ ಕಡಲಿಲ್ಲ. ಆದರೂ ಅಂಥದೊಂದು ನೌಕೆಯು ಪೀಣ್ಯದ ಕಾರ್ಖಾನೆಗಳಿಗೆ ಸಮೀಪದ ಯಶವಂತಪುರದಿಂದ ಹಳಿಗಳ ಮೇಲೆ ಹೊರಡುತ್ತದೆ. ಅದೇ ಸುವರ್ಣರಥ, ಎಂದರೆ ಗೋಲ್ಡನ್ ಚಾರಿಯಟ್ ಎಂಬ ರೈಲುಗಾಡಿ. ವೈಟ್‌ಫೀಲ್ಡು, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಉದ್ಯೋಗದಲ್ಲಿರುವ ಮಕ್ಕಳು ತಮ್ಮ ತಂದೆತಾಯಿಗಳನ್ನು ಇದರಲ್ಲಿ ಕಳುಹಿಸುವ ಮಾತನಾಡುವುದನ್ನು ಕೇಳುತ್ತಿದ್ದೇವೆ. ನಾವೂ ನಮ್ಮ ಗೃಹಿಣಿಯೂ ಹಾಗೆಯೇ ಹೋಗಿಬಂದವರಾದಕಾರಣ, ಅಂಥ ಮನೆಯವರು ತಿಳಿದಿರತಕ್ಕ ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತೇವೆ.

ಈ ಗಾಡಿಯ ಓಟವು 2008ರಲ್ಲಿ ಆರಂಭವಾಯಿತು. ಹಂಪೆಯ ವಿಠಲ ದೇವಾಲಯದ ಅಂಗಳದಲ್ಲಿರುವ ಕಲ್ಲಿನ ತೇರೇ ಇದರ ಹೆಸರಿಗೆ ಮೂಲ. ಕೆಲವು ವರ್ಷಗಳ ತರುವಾಯ ಪ್ರಯಾಣಿಕರು ವಿರಳರಾಗಿ ಓಟವು ಕುಂಠಿತವಾಯಿತು. 2019ರಲ್ಲಿ ಇದರ ನಿರ್ವಹಣೆಯು ರೈಲ್ವೆಯ ಆಹಾರ ಮತ್ತು ಪ್ರವಾಸೋದ್ಯಮ ನಿಗಮಕ್ಕೆ ಸೇರಿತು. ಜೀರ್ಣೋದ್ಧಾರವನ್ನು ಪಡೆದು 2024ರ ಡಿಸೆಂಬರಿನಲ್ಲಿ ಮತ್ತೆ ಹೊರಟಿತು. ಈಗ 40 ಕೋಣೆಗಳಿದ್ದು 80 ಮಂದಿಗೆ ಸ್ಥಳವುಂಟು; ಅಂಗವಿಕಲರಿಗೆ ಒಂದು ಕೋಣೆಯು ಮೀಸಲು.

ಸ್ಟೇಷನ್ನಿಗೆ ಹೋಗುವುದು ಈಗ ಸುಲಭ. ಪೀಣ್ಯದವರಿಗೆ ಯಶವಂತಪುರವು ಮೆಟ್ರೋದಲ್ಲಿ ಎರಡನೆಯ ನಿಲ್ದಾಣ. ವೈಟ್‌ಫೀಲ್ಡಿನವರು ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು ಹಸಿರು ಮಾರ್ಗಕ್ಕೆ ಬದಲಾಯಿಸತಕ್ಕದ್ದು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗವು ತೆರೆದಮೇಲೆ ಎಲೆಕ್ಟ್ರಾನಿಕ್ ಸಿಟಿಯವರಿಗೂ ಆರ್. ವಿ. ರಸ್ತೆಯಲ್ಲಿ ಒಮ್ಮೆ ಬದಲಾಯಿಸಿದರೆ ಸಾಕು.

ಗಾಡಿಗಳಿಗೆ ಕದಂಬ, ಗಂಗ, ರಾಷ್ಟ್ರಕೂಟ, ಹೊಯ್ಸಳ ಮೊದಲಾದ ರಾಜವಂಶಗಳ ಹೆಸರುಗಳಿವೆ. ಕೋಣೆಯಲ್ಲಿ ಹಾಸಿಗೆ, ಸ್ನಾನಗೃಹ, ಟೆಲಿವಿಷನ್ನು ಎಲ್ಲವೂ ನವೀನವಾಗಿವೆ. ಭೋಜನಶಾಲೆಗಳು ಎರಡು: ರುಚಿ ಮತ್ತು ನಳಪಾಕ. ನಳಮಹಾರಾಜನು ಪಾಕಶಾಸ್ತ್ರದಲ್ಲಿ ಮಾತ್ರವೇ ಅಲ್ಲ, ರಥವನ್ನು ನಡೆಸುವುದರಲ್ಲಿಯೂ ಅಸಮಾನನಾಗಿದ್ದನು. ರಥದೊಳಗಣ ಅಡಿಗೆಮನೆಗೆ ಇದಕ್ಕಿಂತ ಒಪ್ಪುವ ಹೆಸರುಂಟೇ! ಆರೋಗ್ಯವೆಂಬ ವ್ಯಾಯಾಮ ಚಿಕಿತ್ಸೆಗಳ ಶಾಲೆಯೂ, ಮದಿರಾ ಎಂಬ ಪಾನಶಾಲೆಯೂ ಇವೆ. ಎರಡನೆಯದರ ಬಾಗಿಲನ್ನು ನಾವು ಹೊರಗಿನಿಂದಲೇ ನೋಡಿದೆವು.

ಕರ್ನಾಟಕದ ಯಾತ್ರೆಯು ಐದು ರಾತ್ರಿ, ಆರು ಹಗಲಿನದು. ಬಂಡೀಪುರ, ಮೈಸೂರು, ಹಳೇಬೀಡು, ಚಿಕ್ಕಮಗಳೂರು, ಹಂಪೆ, ಗೋವೆಗಳನ್ನು ಸುತ್ತಿ ಗಾಡಿಯು ಹಿಂದಿರುಗುತ್ತದೆ. ಎಷ್ಟೇ ನವೀಕರಿಸಿದರೂ ರೈಲು ರೈಲೇ ಎಂಬುದನ್ನು ಮರೆಯಬಾರದು. ರಾತ್ರಿ ಕುಲುಕಾಟವಿರುತ್ತದೆ, ಮೊದಲಿನ ರಾತ್ರಿ ನಮಗೆ ಚೆನ್ನಾಗಿ ನಿದ್ರೆ ಬರಲಿಲ್ಲ. ಕೋಣೆಯು ಕಿರಿದಾದಕಾರಣ ದೊಡ್ಡ ಪೆಟ್ಟಿಗೆಗಳು ಬೇಡ. ಗಾಡಿಯೊಳಗಿನ ಸುಖವು ದೇವಾಲಯದ ಬಾಗಿಲವರೆಗೆ ಬಾರದು. ಹಂಪೆಯಲ್ಲಿ ವಿಠಲ ದೇವಾಲಯದ ಸಮೀಪಕ್ಕೆ ಬ್ಯಾಟರಿಯ ಬಂಡಿಗಳಿದ್ದರೂ, ಒಳಗೆ ಬಿಸಿಲಿನಲ್ಲಿ ಕಲ್ಲುಹಾಸಿನ ಮೇಲೆ ನಡೆಯಲೇಬೇಕು. ಗೃಹಿಣಿಯು ಮಂಡಿನೋವಿನಿಂದ ಕಲ್ಲಿನ ತೇರಿನ ಮುಂದೆ ಬಹಳ ಹೊತ್ತು ಕುಳಿತಿದ್ದು, ‘ಈ ತೇರು ಕದಲುವುದಲ್ಲ, ನಮಗೆ ಕಾಲಿದ್ದಾಗಲೇ ನಾವು ಬರಬೇಕಾಗಿತ್ತು’ ಎಂದಳು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಇನ್ನು ವೆಚ್ಚದ ವಿಚಾರ. 2024ರ ಪ್ರಕಟಣೆಯಂತೆ ಈ ಯಾತ್ರೆಗೆ ತಲೆಯೊಂದಕ್ಕೆ 4 ಲಕ್ಷ ರೂಪಾಯಿಗಳಿಗೆ ಮೇಲೆ, ತೆರಿಗೆ ಬೇರೆ. ಊಟ, ತಿರುಗಾಟ, ಮಾರ್ಗದರ್ಶಕರ ಖರ್ಚು ಇದರಲ್ಲಿಯೇ ಸೇರಿರುವುದಾದರೂ, ದಂಪತಿಗಳಿಬ್ಬರಿಗೆ ಎಂಟು ಲಕ್ಷವೆಂದರೆ ಬಹುಮಂದಿ ಗೃಹಸ್ಥರಿಗೆ ಹಲವು ವರ್ಷಗಳ ಉಳಿತಾಯವು. ಮಕ್ಕಳು ಅನುಕೂಲವಂತರಾಗಿ ಸಂತೋಷದಿಂದ ಕೊಟ್ಟರೆ ಸ್ವೀಕರಿಸಬಹುದು. ಸಾಲಮಾಡಿ ಹೋಗತಕ್ಕ ಯಾತ್ರೆಯಂತೂ ಇದಲ್ಲ. ಮನೆಯ ಸಾಲದ ಕಂತನ್ನು ಕಟ್ಟುತ್ತಿರುವ ಮಗನು ಸಂಕೋಚದಿಂದ ಒಪ್ಪಿದರೆ, ತಂದೆಯಾದವನೇ ಬೇಡವೆನ್ನುವುದು ಲೇಸು.

ಹಾಗೆಂದು ಯಾತ್ರೆಯನ್ನೇ ಬಿಡಬೇಕಾಗಿಲ್ಲ. ಹಂಪಿ ಎಕ್ಸ್‌ಪ್ರೆಸ್ಸು ರಾತ್ರಿ ಬೆಂಗಳೂರನ್ನು ಬಿಟ್ಟು ಬೆಳಗ್ಗೆ ಹೊಸಪೇಟೆಯನ್ನು ಸೇರುತ್ತದೆ. ಅಲ್ಲಿ ನಳಪಾಕವಿಲ್ಲ, ಬುತ್ತಿ ಕಟ್ಟಿಕೊಳ್ಳಬೇಕು. ಆದರೆ ಕಾಣುವ ತುಂಗಭದ್ರೆಯೂ ವಿರೂಪಾಕ್ಷನೂ ಒಂದೇ. ಯಾವ ಗಾಡಿಯಲ್ಲಾದರೂ ಸರಿಯೆ, ಮಂಡಿ ಗಟ್ಟಿಯಾಗಿರುವಾಗಲೇ ಹೊರಡಿರೆಂಬುದು ನಮ್ಮ ವಿಜ್ಞಾಪನೆ.